ಮೊದಲು ಚಕ್ಕುಬಂದಿ ಓದುವ ವಕೀಲರು

ತಿಪಟೂರಿನಲ್ಲಿ ಹಿರಿಯ ಸಿವಿಲ್ ವಕೀಲರೊಬ್ಬರಿದ್ದಾರೆ. ತೆಂಗಿನ ತೋಟದ ತಗಾದೆಯೊಂದಕ್ಕೆ ಚಿಕ್ಕಪ್ಪನನ್ನು ಅವರ ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಪಶ್ಚಿಮದ ಬದುವಿನಲ್ಲಿ ಪಕ್ಕದ ತೋಟದವರು ಬೇಲಿ ಸರಿಸಿದ್ದಾರೆ, ಕಾಯಿ ಕೀಳಿಸುವ ದಿನ ಎರಡು ಸಾಲು ಮರ ತಮ್ಮದೆಂದು ಜಗಳಕ್ಕೆ ಬರುತ್ತಾರೆ ಎಂಬುದು ಚಿಕ್ಕಪ್ಪನ ದೂರು. ಬಸ್ಸಿನಲ್ಲಿ ಇಡೀ ದಾರಿ ಈ ಕಥೆಯನ್ನು ಸಜ್ಜು ಮಾಡಿಕೊಂಡೇ ಬಂದಿದ್ದರು. ವಕೀಲರು ಕಥೆ ಕೇಳಲಿಲ್ಲ. ಕ್ರಯಪತ್ರ ಈಸಿಕೊಂಡು, ಯಾರು ಯಾರಿಗೆ ಮಾರಿದರು ಎಂಬ ಪುಟಗಳನ್ನೆಲ್ಲ ಮಗುಚಿ, ಕೊನೆಯಲ್ಲಿದ್ದ ಷೆಡ್ಯೂಲಿನ, ಎಂದರೆ ನಾಲ್ಕೂ ದಿಕ್ಕಿನ ಎಲ್ಲೆ ಬರೆದ ಚಕ್ಕುಬಂದಿಯ ಮೇಲೆ ಬೆರಳಿಟ್ಟರು.

"ಯಜಮಾನ್ರೇ, ಪಶ್ಚಿಮಕ್ಕೆ ಹಳ್ಳ ಅಂತ ಬರೆದಿದೆ. ಹಳ್ಳ ಈಗ ಎಲ್ಲಿದೆ?"

"ಎಲ್ಲಿದೆ ಸ್ವಾಮಿ, ಮುಚ್ಚೇ ಹೋಯ್ತು. ಅಲ್ಲೊಂದು ಹುಣಸೆಮರ ಇದೆ, ಅಷ್ಟೆ."

"ಹುಣಸೆಮರ ಹಳ್ಳದಿಂದ ಈಚೆಗಿತ್ತೋ ಆಚೆಗಿತ್ತೋ?"

ಚಿಕ್ಕಪ್ಪ ಸುಮ್ಮನಾದರು. ಹುಟ್ಟಿದಾಗಿನಿಂದ ನೋಡಿದ ಮರ; ಯಾವ ದಡದ್ದು ಎಂದು ಯಾರೂ ಕೇಳಿರಲಿಲ್ಲ.

ವಕೀಲರು ಒಂದು ಚೀಟಿಯಲ್ಲಿ ಬರೆದುಕೊಟ್ಟರು: ಸರ್ವೆ ಕಚೇರಿಯಿಂದ ಟಿಪ್ಪಣಿ ಮತ್ತು ಆಕಾರಬಂದ್ ನಕಲು, ಹದ್ದುಬಸ್ತಿಗೆ ಅರ್ಜಿ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಪಕ್ಕದವರ ಕ್ರಯಪತ್ರದ ದೃಢೀಕೃತ ನಕಲು. ಚಿಕ್ಕಪ್ಪನಿಗೆ ಈ ಕೊನೆಯದು ಅರ್ಥವಾಗಲಿಲ್ಲ. "ಅವರ ಪತ್ರ ನಮಗ್ಯಾಕೆ?" ಎಂದರು. "ನಿಮ್ಮ ಪಶ್ಚಿಮ ಅಂದ್ರೆ ಅವರ ಪೂರ್ವ. ಅಲ್ಲಿ ಏನು ಬರೆದಿದೆ ನೋಡೋಣ" ಎಂದರು ವಕೀಲರು. ಆ ದಿನ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳಲಿಲ್ಲ.

ನಕಲು ಬಂತು. ಪಕ್ಕದವರ ಪತ್ರದಲ್ಲಿ ಪೂರ್ವಕ್ಕೆ ಇದ್ದದ್ದೂ ಹಳ್ಳವೇ. ಅದನ್ನು ಓದಿದ ವಕೀಲರ ಮಾತು ಕೇಳಿ ನಾನು ಕೂತಲ್ಲೇ ನೆಟ್ಟಗಾದೆ. ಇಬ್ಬರಿಗೂ ಹಳ್ಳವೇ ಎಲ್ಲೆಯಾದರೆ, ಹಳ್ಳ ಮುಚ್ಚಿದ ಜಾಗದಲ್ಲಿ ಎದ್ದ ಎರಡು ಸಾಲು ಮರ ಇಬ್ಬರಲ್ಲಿ ಯಾರ ಜಮೀನಿನಲ್ಲೂ ಇಲ್ಲದಿರಬಹುದು. ಹಳ್ಳ, ದಾರಿಗಳಿಗೆ ಬಿಟ್ಟ ಜಾಗ ದಾಖಲೆಯಲ್ಲಿ 'ಬ' ಖರಾಬು, ಎಂದರೆ ಸಾರ್ವಜನಿಕರದ್ದು. ಹಾಗಿದ್ದರೆ ದಾವೆಯಲ್ಲಿ ಸರ್ಕಾರವನ್ನೂ ಪ್ರತಿವಾದಿ ಮಾಡಬೇಕಾಗುತ್ತದೆ. ಅದಕ್ಕೂ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ 2 ತಿಂಗಳ ನೋಟಿಸು ಕೊಡಬೇಕು. ಯಾರನ್ನು ಸೋಲಿಸಲು ಹೊರಟಿದ್ದರೋ ಅವರ ಜತೆಗೇ ಕೂತು ಅಳತೆ ಮಾಡಿಸಿಕೊಳ್ಳುವುದು ಒಳ್ಳೆಯದೆಂದು ಚಿಕ್ಕಪ್ಪನಿಗೆ ತಾನಾಗಿಯೇ ಹೊಳೆಯಿತು.

ಅಂದಿನಿಂದ ನನಗೆ ಚಕ್ಕುಬಂದಿಯ ಗೀಳು. ಮನೆಯಲ್ಲಿದ್ದ ಹಳೆಯ ಪತ್ರಗಳನ್ನೆಲ್ಲ ಹರಡಿಕೊಂಡು ಬರೀ ಕೊನೆಯ ಪುಟ ಓದಿದೆ. ಪೂರ್ವಕ್ಕೆ ಬಂಡಿ ದಾರಿ, ಉತ್ತರಕ್ಕೆ ಇಂಥವರ ಹಿತ್ತಿಲು, ದಕ್ಷಿಣಕ್ಕೆ ಇದೇ ನಂಬರಿನಲ್ಲಿ ಉಳಿಕೆ ಜಮೀನು. ಬಂಡಿ ದಾರಿ ಈಗ ಡಾಂಬರು ರಸ್ತೆ. ಅದರ ಅಗಲ ಯಾವ ಕಡೆಗೆ ಬೆಳೆಯಿತು ಎಂದು ಪತ್ರ ಹೇಳುವುದಿಲ್ಲ. ಹಿತ್ತಿಲ ಒಡೆಯರು ತೀರಿಕೊಂಡು ಅವರ ಮೊಮ್ಮಕ್ಕಳು ಮಾರಿಕೊಂಡಿದ್ದಾರೆ. ಎಲ್ಲಕ್ಕಿಂತ ಅಪಾಯದ್ದು ಆ 'ಉಳಿಕೆ ಜಮೀನು'. ಒಂದೇ ಸರ್ವೆ ನಂಬರಿನ ತುಂಡುಗಳನ್ನು ಪೋಡಿ ಮಾಡಿಸದೆ ಬೇರೆ ಬೇರೆಯವರಿಗೆ ಮಾರುತ್ತ ಹೋದರೆ ಒಬ್ಬೊಬ್ಬರ ಪತ್ರದಲ್ಲೂ ಉಳಿಕೆ ಉಳಿಯುತ್ತದೆ, ನೆಲದ ಮೇಲೆ ಅದು ಎಲ್ಲಿದೆ ಎಂದು ಯಾರಿಗೂ ತೋರಿಸಲಾಗುವುದಿಲ್ಲ. ಪಹಣಿಯಲ್ಲಿ ಎಕರೆ, ಗುಂಟೆ ಸರಿಯಾಗಿಯೇ ಇರುತ್ತದೆ. ಜಗಳವಿರುವುದು 2 ಎಕರೆ ಇದೆಯೋ ಇಲ್ಲವೋ ಎಂಬುದಕ್ಕಲ್ಲ, ಆ 2 ಎಕರೆ ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ.

ನ್ಯಾಯಾಲಯಗಳೂ ಇದನ್ನು ಹಗುರವಾಗಿ ನೋಡುವುದಿಲ್ಲ. ಸ್ಥಿರಾಸ್ತಿಯ ದಾವೆಯಾದರೆ ಆಸ್ತಿಯನ್ನು ಗುರುತಿಸಲು ಸಾಕಾಗುವ ವಿವರ ವಾದಪತ್ರದಲ್ಲಿ ಇರಲೇಬೇಕು, ಎಲ್ಲೆಯಿಂದಲೋ ಸರ್ವೆ ನಂಬರಿನಿಂದಲೋ ಗುರುತಿಸುವಂತಿದ್ದರೆ ಅದನ್ನು ಬರೆಯಬೇಕು ಎಂದು 1908ರ ಸಂಹಿತೆಯ 7ನೇ ಆದೇಶದ 3ನೇ ನಿಯಮ ಹೇಳುತ್ತದೆ. ಅಳತೆಗೂ ಎಲ್ಲೆಗೂ ತಾಳೆಯಾಗದಿದ್ದಾಗ ಸಾಮಾನ್ಯವಾಗಿ ಎಲ್ಲೆಯೇ ಮೇಲು. ತಪ್ಪಾದರೆ ಆಮೇಲೆ ತಿದ್ದಿಕೊಳ್ಳಬಹುದು ಎನ್ನುವ ಧೈರ್ಯಕ್ಕೂ ಈಗ ಜಾಗ ಕಡಿಮೆ. ವಿಚಾರಣೆ ಶುರುವಾದ ಮೇಲೆ ವಾದಪತ್ರ ತಿದ್ದಬೇಕಾದರೆ, ತಕ್ಕ ಎಚ್ಚರ ವಹಿಸಿದ್ದರೂ ಮೊದಲೇ ಗೊತ್ತಾಗುವಂತಿರಲಿಲ್ಲ ಎಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಬೇಕು. ತಿಪಟೂರಿನ ವಕೀಲರು ಕೊನೆಯ ಪುಟದಿಂದ ಓದಲು ಶುರುಮಾಡುವುದು ಇದಕ್ಕೇ. ಅನುಭವ ಎಂದರೆ ಕೋರ್ಟಿನಲ್ಲಿ ಏರುದನಿಯಲ್ಲಿ ವಾದಿಸುವುದು ಎಂದುಕೊಂಡವರು ಬಹಳ. ನನ್ನ ಮಟ್ಟಿಗೆ ಸಿವಿಲ್ ವಕೀಲರ ಅನುಭವ ಕಾಣುವುದು ದಾವೆ ಹಾಕುವ ಮುಂಚೆ ಅವರು ಕೇಳುವ ಪ್ರಶ್ನೆಗಳಲ್ಲಿ.

ಮುಂದಿನ ಪರೀಕ್ಷೆ, ವಾದಪತ್ರದ ಕೊನೆಯಲ್ಲಿ ಏನನ್ನು ಕೋರುತ್ತಾರೆ ಎಂಬುದು. "ಸ್ಟೇ ತಂದುಕೊಡ್ತೀನಿ ಬನ್ನಿ" ಎಂದು ಮೊದಲ ಭೇಟಿಯಲ್ಲೇ ಹೇಳುವವರ ಬಗ್ಗೆ ನನಗೆ ನಂಬಿಕೆಯಿಲ್ಲ. ಬರೀ ಇಂಜಂಕ್ಷನ್ ದಾವೆ ಸುಲಭ, ಬೇಗ ಹಾಕಬಹುದು. ಆದರೆ ಎದುರಿನವರು ಹಕ್ಕನ್ನೇ ಪ್ರಶ್ನಿಸಿ, ಆ ಹಕ್ಕಿನ ಮೇಲೆ ನಿಜವಾದ ಸಂದೇಹ ಎದ್ದಿದ್ದರೆ ಹಕ್ಕು ಘೋಷಣೆಯನ್ನೂ ಕೇಳಬೇಕು. ಸ್ವಾಧೀನ ಕಳೆದುಕೊಂಡಿದ್ದರೆ ಸ್ವಾಧೀನವನ್ನೂ ಕೇಳಬೇಕು. ಅನಾತುಲ ಸುಧಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಇದನ್ನು ಬಿಡಿಸಿ ಹೇಳಿತು. ವಾರಂಗಲ್ಲಿನ ನಿವೇಶನಗಳಿಗೆ ಪ್ರತಿಬಂಧಕಾಜ್ಞೆಯನ್ನಷ್ಟೇ ಕೇಳಿದ್ದ ವಾದಿಗಳು ದೆಹಲಿಯವರೆಗೆ ಹೋಗಿ ಅಲ್ಲಿ ಸೋತರು. ಘೋಷಣೆಗೆ ಕಾಲಮಿತಿ ಸಾಮಾನ್ಯವಾಗಿ 3 ವರ್ಷ, ಹಕ್ಕಿನ ಆಧಾರದ ಮೇಲೆ ಸ್ವಾಧೀನಕ್ಕೆ 12 ವರ್ಷ. ತಪ್ಪು ದಾವೆಯಲ್ಲಿ ಕಳೆದ ವರ್ಷಗಳನ್ನು ಯಾರೂ ಹಿಂದಕ್ಕೆ ಕೊಡುವುದಿಲ್ಲ.

ವಿಭಾಗದ ದಾವೆಯಲ್ಲಿ ಕೇಳಬೇಕಾದ್ದೇ ಬೇರೆ. ಅಕ್ಕತಂಗಿಯರೆಷ್ಟು, ಎಲ್ಲಿದ್ದಾರೆ, ಅವರನ್ನು ಪಕ್ಷಗಾರರನ್ನಾಗಿ ಮಾಡಿದ್ದೀರಾ? ಕರ್ನಾಟಕವು 1994ರಲ್ಲೇ, ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯ ಆ ಷರತ್ತನ್ನು ತೆಗೆಯಿತು. ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ತೀರ್ಪು ಹೇಳಿತು. ಅಣ್ಣತಮ್ಮಂದಿರು ಮಾತ್ರ ಸೇರಿ ಹಾಕಿದ ದಾವೆ, ಒಂದೆರಡು ಸರ್ವೆ ನಂಬರು ಬಿಟ್ಟು ಹಾಕಿದ ದಾವೆ ವರ್ಷಗಳ ನಂತರ ಅದೇ ಕಾರಣಕ್ಕೆ ಬೀಳುವುದುಂಟು.

ಇನ್ನು ಗೆದ್ದ ಮೇಲಿನ ಕಷ್ಟ. ಭಾರತದಲ್ಲಿ ಕಕ್ಷಿದಾರನ ತಾಪತ್ರಯ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂದು ಪ್ರಿವಿ ಕೌನ್ಸಿಲ್ ದರ್ಭಾಂಗದ ಪ್ರಕರಣವೊಂದರಲ್ಲಿ 1872ರಲ್ಲೇ ಗಮನಿಸಿತ್ತು. ಬೆಂಗಳೂರಿನ ಆಸ್ತಿಯೊಂದರಿಂದ ಹುಟ್ಟಿದ ರಾಹುಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ಅಮಲ್ಜಾರಿ ಅರ್ಜಿಗಳನ್ನು 6 ತಿಂಗಳಲ್ಲಿ ಮುಗಿಸಬೇಕೆಂದಿತು. ಜತೆಗೆ, ಸ್ವಾಧೀನದ ಡಿಕ್ರಿ ಕೊಡುವ ಮುನ್ನ ಅದರಲ್ಲಿ ಆಸ್ತಿಯ ವಿವರ ಸ್ಪಷ್ಟವಾಗಿದೆಯೇ ಎಂದು ನ್ಯಾಯಾಲಯ ಖಾತರಿ ಮಾಡಿಕೊಳ್ಳಬೇಕು ಎಂದೂ ಹೇಳಿತು. ನೋಡಿ, ಮತ್ತೆ ಚಕ್ಕುಬಂದಿಗೇ ಬಂದೆವು. ಷೆಡ್ಯೂಲು ತಪ್ಪಿದ್ದರೆ, ಅಮೀನರು ಡಿಕ್ರಿ ಹಿಡಿದು ಜಮೀನಿಗೆ ಬಂದ ದಿನ ತೋರಿಸಲು ಜಾಗವೇ ಇರುವುದಿಲ್ಲ.

ಇಂಥ ವಕೀಲರನ್ನು ಹುಡುಕುವುದು ಹೇಗೆ? ಹಿಂದೆ ಊರಿಗೊಬ್ಬ ಪ್ಲೀಡರು, ಅವರ ಹೆಸರು ಎಲ್ಲರಿಗೂ ಗೊತ್ತು. ಈಗ ಹಾಗಲ್ಲ. ವಕೀಲರು ಜಾಹೀರಾತು ಕೊಡುವಂತಿಲ್ಲ. ಇಂಥ ಕೆಲಸದಲ್ಲಿ ಪರಿಣತ ಎಂದು ನಾಮಫಲಕದಲ್ಲಿ ಬರೆಸುವುದೂ ಭಾರತೀಯ ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಈ ನಿಯಮ ನನಗೆ ಇಷ್ಟ, ಆದರೆ ಹೊಸಬರಿಗೆ ಇದರಿಂದ ತೊಂದರೆಯೇ. ಇ-ಕೋರ್ಟ್ಸ್ ತಾಣದಲ್ಲಿ ವಕೀಲರ ಹೆಸರು ಹಾಕಿ ಅವರ ಪ್ರಕರಣಗಳನ್ನು ನೋಡಬಹುದು: ಮೂಲ ದಾವೆಗಳೆಷ್ಟು, ಸಾಕ್ಷಿ ಹಂತಕ್ಕೆ ಬಂದವೆಷ್ಟು, ತೀರ್ಪಾದವೆಷ್ಟು. ಅದಕ್ಕಿಂತ ಒಳ್ಳೆಯದು ಒಂದು ಬೆಳಗ್ಗೆ ಸಿವಿಲ್ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕೂರುವುದು. ಪಾಟೀಸವಾಲಿನಲ್ಲಿ ಯಾರು ದಾಖಲೆ ತೋರಿಸಿ ಪ್ರಶ್ನೆ ಕೇಳುತ್ತಾರೆ, ಯಾರು ಮತ್ತೆ ಮತ್ತೆ ದಿನಾಂಕ ಕೇಳುತ್ತಾರೆ ಎಂದು ಅರ್ಧ ದಿನದಲ್ಲೇ ತಿಳಿಯುತ್ತದೆ. ದಾವೆ ನಡೆಯುವ ಊರಿನ ವಿಚಾರಣಾ ನ್ಯಾಯಾಲಯದಲ್ಲಿ ಪಳಗಿದವರೇ ಬೇಕು. ಸಾಕ್ಷ್ಯ ದಾಖಲಾಗುವುದು ಅಲ್ಲೇ; ಅಲ್ಲಿ ಬಿಟ್ಟದ್ದನ್ನು ಹೈಕೋರ್ಟಿನಲ್ಲಿ ತುಂಬಿಸುವುದು ಬಹಳ ಕಷ್ಟ.

ದುಡ್ಡಿನ ಮಾತನ್ನು ಸಂಕೋಚಪಡದೆ ಮೊದಲೇ ಆಡಬೇಕು. ಕೋರ್ಟ್ ಫೀ ಎಷ್ಟು, ವಕೀಲರ ಫೀ ಎಷ್ಟು, ಯಾವ ಹಂತದಲ್ಲಿ ಎಷ್ಟು, ಎಲ್ಲವೂ ಬರಹದಲ್ಲಿರಲಿ. ಕೊಟ್ಟದ್ದಕ್ಕೆ ರಸೀದಿ ಇರಲಿ. ಗೆದ್ದರೆ ಜಮೀನಿನಲ್ಲಿ ಇಷ್ಟು ಪಾಲು ಎಂಬ ಒಪ್ಪಂದಕ್ಕೆ ಒಪ್ಪಬೇಡಿ, ಅದು ವೃತ್ತಿ ನಿಯಮಕ್ಕೇ ವಿರುದ್ಧ. ವಕೀಲರನ್ನು ಬದಲಿಸುವ ಹಕ್ಕು ನಿಮ್ಮದು. ಫೀ ಬಾಕಿಯಿದೆ ಎಂದು ಅವರು ನಿಮ್ಮ ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ 2000ರಲ್ಲೇ ತೀರ್ಮಾನವಾಗಿದೆ. ಆದರೆ ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಒಳಪಡುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿತು. ದುರ್ನಡತೆಯ ದೂರನ್ನು ರಾಜ್ಯ ವಕೀಲರ ಪರಿಷತ್ತಿಗೆ ಕೊಡಬಹುದು. ಸೇವೆಯಲ್ಲಿ ಕೊರತೆ ಎಂದು ಗ್ರಾಹಕರ ಆಯೋಗಕ್ಕೆ ಹೋಗಲಾಗದು. ಆಯ್ಕೆ ಮಾಡುವಾಗಲೇ ಎಚ್ಚರ ಬೇಕಾದದ್ದು ಇದಕ್ಕೆ. ಫೀ ಕೊಡಲಾಗದ ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಹಾಕಿದರೆ ಉಚಿತವಾಗಿ ವಕೀಲರು ಸಿಗುತ್ತಾರೆ. 1987ರ ಕಾಯ್ದೆಯಲ್ಲಿ ಇವರಿಗೆ ಆದಾಯದ ಮಿತಿಯಿಲ್ಲ. ಆಸ್ತಿಯಲ್ಲಿ ಪಾಲು ಕೇಳಲು ಹಿಂಜರಿಯುವ ಅಕ್ಕತಂಗಿಯರಿಗೆ ಇದನ್ನು ದಯವಿಟ್ಟು ತಿಳಿಸಿ.

ನಿಮ್ಮ ಮೇಲೇ ದಾವೆ ಬಿದ್ದು ಮನೆಗೆ ಸಮನ್ಸ್ ಬಂದಿದ್ದರೆ ನಾಳೆಗೆಂದು ಮುಂದೂಡಬೇಡಿ. ಪ್ರತಿವಾದಪತ್ರ ಸಲ್ಲಿಸಲು ಇರುವುದು 30 ದಿನ. ನ್ಯಾಯಾಲಯ ಕಾರಣ ಬರೆದು ಅವಧಿ ಕೊಟ್ಟರೂ ಸಂಹಿತೆಯಲ್ಲಿ ಹೇಳಿರುವುದು 90 ದಿನದವರೆಗೆ ಮಾತ್ರ. ಮೂಲ ಪತ್ರ, ಪಹಣಿ, ಕಂದಾಯ ರಸೀದಿ, ಸರ್ವೆ ನಕಲು ಇವಿಷ್ಟನ್ನೂ ಹಿಡಿದುಕೊಂಡು ಆ ವಾರದಲ್ಲೇ ಒಬ್ಬ ಒಳ್ಳೆಯ ಸಿವಿಲ್ ವಕೀಲರನ್ನು ಕಾಣಿರಿ.