ನಿಸರ್ಗದ ಪಾಠವೂ ನಮ್ಮ ಋಣವೂ

ಪ್ರಕೃತಿಯನ್ನು ನೋಡಿ ಬಾಳುವ ಬಗೆಯನ್ನು ಕಲಿಯಬೇಕೆಂದು ಹೇಳದ ನೀತಿಗ್ರಂಥವು ನಮ್ಮಲ್ಲಿ ವಿರಳ. ಭಾಗವತದ ಅವಧೂತನು ಯದುರಾಜನ ಮುಂದೆ ತನ್ನ ಗುರುಗಳನ್ನು ಹೆಸರಿಸುವಾಗ ಭೂಮಿ, ಗಾಳಿ, ನೀರು, ಪಾರಿವಾಳ, ಹೆಬ್ಬಾವು, ಜೇನುಹುಳು ಇವೆಲ್ಲವನ್ನೂ ಸೇರಿಸಿ ಇಪ್ಪತ್ತನಾಲ್ಕನ್ನು ಎಣಿಸಿದನು. ನಮ್ಮ ಪ್ರಾಥಮಿಕ ಶಾಲೆಗಳಲ್ಲಿಯೂ ಇರುವೆಯಿಂದ ಉದ್ಯೋಗಶೀಲತೆಯನ್ನು, ನಾಯಿಯಿಂದ ಸ್ವಾಮಿನಿಷ್ಠೆಯನ್ನು, ಮರದಿಂದ ಪರೋಪಕಾರವನ್ನು ಕಲಿಸುವ ವಾಡಿಕೆಯುಂಟು. ಮಕ್ಕಳು ಇವನ್ನು ಬಾಯಿಪಾಠ ಮಾಡುವರು. ದೊಡ್ಡವರಾದ ಮೇಲೆ ಇರುವೆಗೆ ಪುಡಿ ಎರಚುವರು, ನಾಯಿಗೆ ಕಲ್ಲೆಸೆಯುವರು, ರಸ್ತೆಯನ್ನು ಅಗಲಿಸಲು ಮರವನ್ನು ಕಡಿಸುವರು. ಪಾಠವು ಸುಳ್ಳೆಂದು ನಾವು ಹೇಳುವುದಿಲ್ಲ. ಕಲಿತವನು ಕಲಿಸಿದವರಿಗೆ ಏನನ್ನಾದರೂ ಸಲ್ಲಿಸಬೇಕೆಂಬ ಭಾಗವು ಮಾತ್ರ ಎಲ್ಲಿಯೋ ಬಿಟ್ಟುಹೋಗಿರುವುದು. ಅವಧೂತನಿಗೆ ಮನೆಯಿರಲಿಲ್ಲ, ಹೊಲವಿರಲಿಲ್ಲ; ಅವನ ಲೆಕ್ಕವೇ ಬೇರೆ. ಗೃಹಸ್ಥರೂ ಉದ್ಯೋಗಸ್ಥರೂ ಆದ ನಾವು ಇಷ್ಟು ಸುಲಭವಾಗಿ ಪಾರಾಗಲಾರೆವು.

ಈ ವಿಚಾರವು ನಮ್ಮ ಮನಸ್ಸಿಗೆ ಬಂದುದು ಕಳೆದ ವಾರ ಕಾರ್ಯಾಂತರದಿಂದ ಇಲವಾಲಕ್ಕೆ ಹೋಗಿದ್ದಾಗ. ಮೈಸೂರಿನಿಂದ ಹುಣಸೂರಿನ ಹೆದ್ದಾರಿಯಲ್ಲಿ ಸುಮಾರು 15 ಕಿಲೋಮೀಟರು ದೂರದಲ್ಲಿರುವ ಈ ಊರನ್ನು ವಾಚಕರಲ್ಲಿ ಅನೇಕರು ಬಲ್ಲರು. ಬಸ್ಸಿನ ಕಿಟಕಿಯಿಂದ ಬಲ್ಲವರೇ ಹೆಚ್ಚು. ಊರಿನ ಹೊರಗೆ ಕೆಂಪುಮಣ್ಣಿನ ಹೊಲವೊಂದರಲ್ಲಿ ವೃದ್ಧ ರೈತರೊಬ್ಬರು ಬದುವಿನ ಹೊಂಗೆಯ ನೆರಳಿನಲ್ಲಿ ಊಟಕ್ಕೆ ಕುಳಿತಿದ್ದರು. ಮಗ್ಗುಲಲ್ಲಿ ಒಂದು ಕರಿಯ ನಾಯಿ. ಬುತ್ತಿಯನ್ನು ಬಿಚ್ಚಿ ಮುದ್ದೆಯನ್ನು ಮುರಿದವರೇ ಮೊದಲ ತುಂಡನ್ನು ಅದರ ಮುಂದಿಟ್ಟು, ಆ ಬಳಿಕ ತಾವು ಕೈಯಿಟ್ಟರು. ನಾವು ನೋಡುತ್ತಿದ್ದುದನ್ನು ಕಂಡು, “ರಾತ್ರಿಯೆಲ್ಲ ಹಂದಿ ಕಾಯೋದು ಅದು ಸ್ವಾಮಿ, ನಾನು ಮಲಗಿರ್ತೀನಿ” ಎಂದರು. ನಿಷ್ಠೆ, ಕೃತಜ್ಞತೆ ಎಂಬ ಯಾವ ಶಬ್ದವೂ ಅವರ ಬಾಯಿಂದ ಬರಲಿಲ್ಲ.

ಈಗ ಉತ್ತರೆ ಮಳೆ ನಡೆದಿದೆ. ಸೂರ್ಯನು ಯಾವ ನಕ್ಷತ್ರದಲ್ಲಿರುವನೋ ಆ ಹೆಸರಿನಿಂದ ಮಳೆಯನ್ನು ಕರೆಯುವುದು ನಮ್ಮ ನಾಡಿನ ಪುರಾತನ ಪದ್ಧತಿ. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನಗಳ ಅವಧಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆಯೆಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಪಟ್ಟಣದವರಾದ ನಮಗೆ ಈ ಗಾದೆಗಳಲ್ಲಿ ಎರಡು ಬಗೆಯ ಭಾವನೆಗಳು: ಕೆಲವರು ಇವನ್ನು ಋಷಿವಾಕ್ಯವೆಂದು ತಲೆಯ ಮೇಲಿಡುವರು, ಉಳಿದವರು ಮೂಢನಂಬಿಕೆಯೆಂದು ನಗುವರು. ಆ ರೈತರದು ಎರಡೂ ಅಲ್ಲ. “ಪಂಚಾಂಗ ಹೆಸ್ರು ಹೇಳ್ತದೆ, ಮಳೆ ಕೊಡಾಕಿಲ್ಲ. ಮೂಡ್ಲ ಮಿಂಚು ನೋಡ್ಕಂಡು ಹೊಲಕ್ಕೆ ಇಳೀಬೇಕು” ಎಂದು ಅವರು ಹೇಳಿದರು.

ಖಗೋಳಶಾಸ್ತ್ರವೂ ಅವರ ಪಕ್ಷವನ್ನೇ ವಹಿಸುವುದು. ಭೂಮಿಯ ಅಕ್ಷವು ನಿಧಾನವಾಗಿ ತಿರುಗುತ್ತಿರುವ ಕಾರಣ, ಸೂರ್ಯನು ಒಂದು ನಕ್ಷತ್ರವನ್ನು ಪ್ರವೇಶಿಸುವ ದಿನವು ಋತುಮಾನಕ್ಕೆ ಹೋಲಿಸಿದರೆ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ತಡವಾಗುತ್ತ ಬಂದಿದೆ. ಸಾವಿರ ವರ್ಷಕ್ಕೆ ಹದಿನಾಲ್ಕು ದಿನ. ಅಂದರೆ ಇಡೀ ಒಂದು ಮಳೆಯಷ್ಟು ವ್ಯತ್ಯಾಸ. ಗಂಗರು ಆಳುತ್ತಿದ್ದ ಕಾಲದಲ್ಲಿ ಉತ್ತರೆಯೆಂದು ಕರೆಸಿಕೊಳ್ಳುತ್ತಿದ್ದ ದಿನಗಳು ಈಗ ಹೆಚ್ಚುಕಡಿಮೆ ಹುಬ್ಬೆಯ ಪಾಲಿಗೆ ಬಂದಿವೆ. ಗಾದೆಯನ್ನು ಮಾತ್ರ ನಂಬಿ ಆಕಾಶವನ್ನು ನೋಡದೆ ಕುಳಿತಿದ್ದರೆ ನಮ್ಮ ರೈತವರ್ಗವು ಎಂದೋ ಅಳಿಯುತ್ತಿತ್ತು.

ಮೈಸೂರಿನ ಸುತ್ತಣ ಸೀಮೆಯ ಮಳೆಯ ಸ್ವಭಾವವೂ ವಿಚಿತ್ರವಾದುದು. ವರ್ಷಕ್ಕೆ ಸುಮಾರು 80 ಸೆಂಟಿಮೀಟರು ಬೀಳುವುದು. ಆದರೆ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಮ್ಮೆ ಜೋರು. ಮಲೆನಾಡಿನಲ್ಲಿ ಹೊಳೆಗಳು ಉಕ್ಕುವ ಜೂನ್-ಜುಲೈಯಲ್ಲಿ ಇಲ್ಲಿಗೆ ಬರುವುದು ಗಾಳಿ ಮತ್ತು ತುಂತುರು. ನೀರನ್ನೆಲ್ಲ ಸಹ್ಯಾದ್ರಿಯೇ ಹಿಂಡಿಕೊಂಡಿರುವುದು. ಈ ನಡುವಿನ ಬಡತನವನ್ನು ಬಲ್ಲವರಾಗಿಯೇ ನಮ್ಮ ಹಿರಿಯರು ರಾಗಿಯನ್ನು ಹಿಡಿದರು, ಮತ್ತು ರಾಗಿಯೊಂದನ್ನೇ ನೆಚ್ಚದೆ ಹಲವು ಸಾಲುಗಳಿಗೊಮ್ಮೆ ಅಕ್ಕಡಿ ಸಾಲನ್ನು ಬಿಟ್ಟು ಅವರೆ, ತೊಗರಿ, ಜೋಳ, ಹರಳು, ಸಾಸಿವೆಗಳನ್ನು ಬಿತ್ತಿದರು. ಅವರೆಯ ಚರ್ಯೆಯಂತೂ ಗಮನಿಸತಕ್ಕದ್ದು. ರಾಗಿಯು ಬೆಳೆಯುವಷ್ಟು ಕಾಲವೂ ಅದು ಅದರ ಕೆಳಗೆ ಸದ್ದಿಲ್ಲದೆ ಇರುವುದು. ಗಾಳಿಯ ಸಾರಜನಕವನ್ನು ಬೇರಿಗೆ ಕಟ್ಟಿ ನೆಲಕ್ಕೆ ಕೊಡುವುದು. ಕಾರ್ತಿಕ ಕಳೆದು ರಾಗಿ ಕೊಯಿಲಾದ ಮೇಲೆ, ಹಗಲು ಕಿರಿದಾಗಿ ಮಂಜು ಬೀಳತೊಡಗಿದಾಗ, ಹೊಲವೆಲ್ಲ ತನ್ನದೆಂಬಂತೆ ಹಬ್ಬಿ ಹೂಬಿಟ್ಟು ಸೊಗಡಿನ ಕಾಯನ್ನು ಕೊಡುವುದು. ಬೆಂಗಳೂರು ಮೈಸೂರುಗಳ ಪೇಟೆಗಳಲ್ಲಿ ಸಂಕ್ರಾಂತಿಯ ಮುನ್ನ ಅವರೆಕಾಯಿಯ ರಾಶಿಯ ಮುಂದೆ ನಿಂತು ಚೌಕಾಸಿ ಮಾಡುವ ಗೃಹಸ್ಥರಿಗೆ ಇದರ ಹಿಂದಿನ ಆರು ತಿಂಗಳ ಸಹನೆಯು ಕಾಣುವುದಿಲ್ಲ.

ಇನ್ನೊಂದು ಸಂಗತಿಯನ್ನು ಹೇಳಬೇಕು. ರಾಗಿಯ ಎಳೆಯ ಪೈರಿನ ನಡುವೆ ಕುಂಟೆ ಹೊಡೆಯುವುದನ್ನು ಕಂಡ ಪಟ್ಟಣಿಗನು ಪೈರು ಹಾಳಾಯಿತೆಂದು ಮರುಗುವನು. ಹಾವೇರಿಯ ಕಡೆಯ ಗುಳಿ ರಾಗಿಯ ಬೇಸಾಯದಲ್ಲಿ ಎತ್ತು ಕಟ್ಟಿ ಪೈರಿನ ಮೇಲೆಯೇ ಕೊರಡನ್ನು ಎಳೆಯುವರು. ಬಾಗಿದ ಪೈರು ಕೆಲವು ದಿನಗಳಲ್ಲಿ ಎದ್ದು, ಬುಡದಲ್ಲಿ ಹಲವು ಹೊಸ ತೆನೆಗವಲುಗಳನ್ನು ಒಡೆಯುವುದು. ಎಂತಹ ಸೊಗಸಾದ ನೀತಿಪಾಠ! ಕಷ್ಟವು ಮನುಷ್ಯನನ್ನು ಬಲಪಡಿಸುವುದೆಂದು ಉಪನ್ಯಾಸಕರು ಇದರಿಂದ ಒಂದು ಗಂಟೆಯ ಭಾಷಣವನ್ನು ಹೊರಡಿಸಬಲ್ಲರು. ಆದರೆ ಇಂತಹ ಭಾಷಣದ ವಿಷಯದಲ್ಲಿಯೇ ನಮಗೆ ಶಂಕೆ. ಕೊರಡನ್ನು ಎಳೆಯುವವನು ನೆಲದ ಹದವನ್ನು ನೋಡುವನು, ಪೈರಿನ ವಯಸ್ಸನ್ನು ನೋಡುವನು, ತೆನೆ ಮೂಡುವ ಕಾಲ ಬಂದರೆ ಕೊರಡನ್ನು ಮುಟ್ಟುವುದಿಲ್ಲ. ಬೆಳೆ ಹೋದರೆ ಹಸಿಯುವವನೂ ಅವನೇ. ಬಡವರ ಮೇಲೆ ಹೊರೆಯನ್ನೆಳೆದು ತಾವು ಕಚೇರಿಯಲ್ಲಿ ಕುಳಿತು, ಕಷ್ಟದಿಂದ ಕೆಚ್ಚು ಬರುವುದೆಂದು ಉಪದೇಶಿಸುವವರಿಗೆ ಈ ಹೋಲಿಕೆಯನ್ನು ಬಳಸುವ ಅಧಿಕಾರವಿಲ್ಲ.

ಇದು ಬರಿಯ ಮಾತಿನ ಚಮತ್ಕಾರವಲ್ಲ. 1876ರಿಂದ 1878ರ ವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸಂಸ್ಥಾನವನ್ನು ಸುಟ್ಟ ಕ್ಷಾಮದ ಹೆಸರನ್ನು ಹಳೆಯ ಮನೆತನಗಳು ಮರೆತಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರವಿದ್ದ ಸಂಸ್ಥಾನದ ಪ್ರಜೆಗಳು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದರು. ಅಂದಿನ ರೈತನಿಗೆ ಮಳೆಯ ಪಾಠವು ತಿಳಿಯದೆ ಇರಲಿಲ್ಲ. ಅಕ್ಕಡಿ ಸಾಲೂ ಇತ್ತು, ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ನೆಲದೊಳಗೆ ತುಂಬಿಡುವ ಹಗೇವುಗಳೂ ಇದ್ದುವು. ಮಳೆಯು ಮೇಲಿಂದ ಮೇಲೆ ಕೈಕೊಟ್ಟಾಗ ಹಗೇವು ಬರಿದಾಯಿತು. ಆಮೇಲೆ ಉಳಿಸಬೇಕಾದುದು ಸರ್ಕಾರದ ಕರ್ತವ್ಯವಾಗಿತ್ತು. ತಾಳ್ಮೆಯೆಂಬುದು ಪೈರಿಗೆ ಗುಣ. ಅನ್ನವನ್ನು ಒದಗಿಸಬೇಕಾದವನಿಗೆ ಅದು ಅಪರಾಧ.

ಹಾಗಾದರೆ ನಿಸರ್ಗದಿಂದ ಪಾಠ ಕಲಿಯುವ ಸರಿಯಾದ ಕ್ರಮ ಯಾವುದು? ನಾಯಿ ಮತ್ತು ಹಂದಿಯ ಮಾತು ಬಂದುದರಿಂದ ನಮಗೆ ಆತಕೂರಿನ ಶಾಸನವು ನೆನಪಾಗುತ್ತದೆ. ಈಗಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ದೊರೆತ, ಶಕವರ್ಷ 872ರ, ಅಂದರೆ ಕ್ರಿ.ಶ. 949-50ರ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದರು. ಬೂತುಗನ ಭಟನಾದ ಮಣಲೆರನ ಪರಾಕ್ರಮವನ್ನು ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡಿಕೊಳ್ಳೆಂದನು. ಊರನ್ನು ಬೇಡಬಹುದಾಗಿತ್ತು, ಹೊನ್ನನ್ನು ಬೇಡಬಹುದಾಗಿತ್ತು. ಆತನು ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು! ಬಳಿಕ ಬೆಳತೂರಿನ ಬಳಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತುವು.

ನಮ್ಮ ಕಾಲದವರಾಗಿದ್ದರೆ ಇಲ್ಲಿಗೆ ನಿಷ್ಠೆಯ ಮೇಲೊಂದು ಲೇಖನವನ್ನು ಬರೆದು ಸುಮ್ಮನಾಗುತ್ತಿದ್ದೆವು. ಮಣಲೆರನ ಕಾಲದವರು ಚಲ್ಲೇಶ್ವರನ ದೇಗುಲದ ಮುಂದೆ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗದ ಭೂಮಿಯನ್ನು ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ವಿಧಿಸಿದರು. ನಾಯಿಯ ಗುಣವನ್ನು ಹೊಗಳಿದುದು ಒಂದು ಪಾಲು. ಗದ್ದೆ, ನೀರು, ದಿನನಿತ್ಯದ ಹೊಣೆ ಇವುಗಳನ್ನು ಗೊತ್ತುಮಾಡಿದುದು ಮೂರು ಪಾಲು. ಅದೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಇಂದಿಗೂ ಮನೆಗಳ ನಡುವಿನ ಹುಣಸೆಯ ಮರಗಳಲ್ಲಿ ಗೂಡುಕಟ್ಟುವುವು. ಬಾಣಂತನಕ್ಕೆ ಬಂದ ಮನೆಯ ಹೆಣ್ಣುಮಕ್ಕಳೆಂದು ಗ್ರಾಮಸ್ಥರು ಅವನ್ನು ಭಾವಿಸುವರು. ಹುಣಸೆಯ ಫಲದಲ್ಲಿ ಒಂದಂಶವು ನಷ್ಟವಾಗುವುದು, ಅಂಗಳವು ಹೊಲಸಾಗುವುದು. ಹಿಕ್ಕೆಯ ಗೊಬ್ಬರವು ಹೊಲಕ್ಕೆ ಸೇರುವುದು. ಲಾಭನಷ್ಟಗಳೆರಡನ್ನೂ ಮನೆಯ ಲೆಕ್ಕದಲ್ಲಿಯೇ ಹಿಡಿಯುವುದು ಅಲ್ಲಿಯ ರೂಢಿ.

ಇಲವಾಲಕ್ಕೆ ಮರಳೋಣ. ನಿಸರ್ಗದ ಒಂದು ಪಾಠವನ್ನು ಇಡೀ ಭಾರತದ ಮುಂದಾಳುಗಳು ಕುಳಿತು ಕೇಳಿದುದು ಈ ಊರಿನಲ್ಲಿಯೇ ಎಂಬುದು ಮೈಸೂರಿನವರಲ್ಲಿಯೂ ಹಲವರಿಗೆ ಮರೆತುಹೋಗಿದೆ. 1957ರ ಸೆಪ್ಟೆಂಬರ್ 21 ಮತ್ತು 22ರಂದು, ಇಂತಹುದೇ ಉತ್ತರೆಯ ದಿನಗಳಲ್ಲಿ, ಗ್ರಾಮದಾನ ಪರಿಷತ್ತು ಇಲ್ಲಿ ನೆರೆಯಿತು. ಕಾಲ್ನಡಿಗೆಯಲ್ಲಿ ನಾಡನ್ನು ಸುತ್ತುತ್ತಿದ್ದ ವಿನೋಬಾ ಭಾವೆಯವರ ಮುಂದೆ ರಾಷ್ಟ್ರಪತಿ ರಾಜೇಂದ್ರಪ್ರಸಾದರು, ಪ್ರಧಾನಿ ಜವಾಹರಲಾಲ ನೆಹರೂ, ಗೃಹಮಂತ್ರಿ ಗೋವಿಂದವಲ್ಲಭ ಪಂತರು, ಜಯಪ್ರಕಾಶ ನಾರಾಯಣರು, ಕೇರಳದ ಕಮ್ಯೂನಿಸ್ಟ್ ಮುಖ್ಯಮಂತ್ರಿ ನಂಬೂದಿರಿಪಾದರು ಒಂದೇ ಚಾವಡಿಯಲ್ಲೆಂಬಂತೆ ಸೇರಿದರು. ಗಾಳಿ, ನೀರು, ಬಿಸಿಲುಗಳಂತೆ ಭೂಮಿಯೂ ದೇವರ ಕೊಡುಗೆ. ಅದಕ್ಕೆ ಒಬ್ಬನು ಒಡೆಯನಾಗಲಾರನೆಂಬುದು 1951ರಲ್ಲಿ ತೆಲಂಗಾಣದ ಪೋಚಂಪಲ್ಲಿಯಿಂದ ಮೊದಲುಗೊಂಡು ವಿನೋಬಾ ಅವರು ಸಾರುತ್ತ ಬಂದ ತತ್ತ್ವ. ಭಿನ್ನ ಪಕ್ಷಗಳ ನಾಯಕರು ಅದನ್ನು ಸಮರ್ಥಿಸಿ ಒಮ್ಮತದ ಹೇಳಿಕೆಯನ್ನು ಹೊರಡಿಸಿದರು.

ಹೋಲಿಕೆಯು ಪೂರ್ತಿಯಾಗಿ ಸರಿಯೆಂದು ನಾವು ಹೇಳಲಾರೆವು. ಗಾಳಿಗೆ ಯಾರೂ ಗೊಬ್ಬರ ಹಾಕಬೇಕಾಗಿಲ್ಲ, ಬಿಸಿಲಿಗೆ ಬದು ಕಟ್ಟಬೇಕಾಗಿಲ್ಲ; ಭೂಮಿಯು ದುಡಿದವನ ಬೆವರನ್ನೂ ಬೇಡುವುದು. ದಾನವೆಂಬುದು ಮನಸ್ಸಿದ್ದವನು ಕೊಟ್ಟರೆ ಮಾತ್ರ ನಡೆಯತಕ್ಕದ್ದು. ಗೇಣಿದಾರನಿಗೆ ಭೂಮಿಯು ದಕ್ಕಿದುದು ಬಹುಮಟ್ಟಿಗೆ 1974ರ ಭೂಸುಧಾರಣಾ ಶಾಸನದಿಂದ; ಅದನ್ನು ಜಾರಿಗೆ ತಂದ ದೇವರಾಜ ಅರಸರು ಇದೇ ಹೆದ್ದಾರಿಯ ಮುಂದಿನ ಹುಣಸೂರಿನ ಕಡೆಯವರು. ಆಮೇಲೆ 2020ರ ತಿದ್ದುಪಡಿಯು, ಬೇಸಾಯಗಾರರಲ್ಲದವರು ಕೃಷಿಭೂಮಿಯನ್ನು ಕೊಳ್ಳುವುದಕ್ಕಿದ್ದ ಅಡ್ಡಿಗಳನ್ನು ತೆಗೆದುಹಾಕಿತು. ಇಲವಾಲದ ಸುತ್ತ ನೆಲವನ್ನು ಎಕರೆ ಗುಂಟೆಗಳಲ್ಲಿ ಹೇಳುತ್ತಿದ್ದವರು ಈಗ ಚದರಡಿಯಲ್ಲಿ ಹೇಳತೊಡಗಿರುವರು. ಕೊಳ್ಳುವವರಾರೆಂದು ಕೇಳಿದರೆ, ನಮ್ಮಂತಹ ಪಟ್ಟಣಿಗರೇ. ಭಾನುವಾರ ಪ್ರಕೃತಿಯ ಮಡಿಲಲ್ಲಿ ಮನಶ್ಶಾಂತಿಯನ್ನು ಅರಸುವವರು. ಇದನ್ನು ಆಕ್ಷೇಪಣೆಯೆಂದು ತಿಳಿಯಬೇಕಾಗಿಲ್ಲ. ಊರು ಬೆಳೆಯುವುದು, ಮನೆ ಬೇಕಾದವರಿಗೆ ಮನೆಯೂ ಬೇಕು. ಆ ನೆಲದಿಂದ ಏನೇನನ್ನು ಪಡೆದೆವು, ಅದಕ್ಕೆ ಏನನ್ನು ಬಿಟ್ಟೆವು ಎಂಬ ಲೆಕ್ಕವನ್ನು ಯಾವ ನಕ್ಷೆಯಲ್ಲಿ ಬರೆದಿರುವರೆಂಬುದಷ್ಟೇ ನಮ್ಮ ಪ್ರಶ್ನೆ.

ಆ ವೃದ್ಧರ ಹೊಲದ ಪಕ್ಕದ ಜಮೀನು ಮಾರಾಟವಾಗಿದ್ದಿತು. ರಾಗಿಯ ಬದಲು ಅಲ್ಲಿ ಸುಣ್ಣ ಬಳಿದ ನಿವೇಶನದ ಕಲ್ಲುಗಳು ಸಾಲಾಗಿ ನಿಂತಿದ್ದುವು. ಅವುಗಳ ನಡುವೆ ಹಿಂದಿನ ವರ್ಷ ಉದುರಿದ ಅವರೆಯ ಬಳ್ಳಿಯೊಂದು ತಾನಾಗಿ ಹುಟ್ಟಿ ಕಲ್ಲಿಗೆ ಸುತ್ತಿಕೊಂಡಿದ್ದಿತು. ಮೂಡಲಲ್ಲಿ ಮಿಂಚಿತು. ನಾಯಿಯು ಎದ್ದು ಮೈಕೊಡವಿತು. ವೃದ್ಧರು ಬುತ್ತಿಯ ಬಟ್ಟೆಯನ್ನು ಕಟ್ಟುತ್ತ ಆ ಕಲ್ಲುಗಳ ಕಡೆಗೆ ಕೈತೋರಿಸಿ, “ಅಳತೆಯೋರು ಬೇಸ್ಗೇಲಿ ಬಂದಿದ್ರು ಸ್ವಾಮಿ. ಮಳೇಲಿ ಬಂದಿದ್ರೆ ನೀರು ಎಲ್ಲಿ ಹರೀತದೆ ಅಂತ ಅವರಿಗೂ ಕಾಣ್ತಿತ್ತು” ಎಂದರು. ನಾವು ಬಸ್ಸು ನಿಲ್ಲುವ ಸ್ಥಳಕ್ಕೆ ಬರುವಷ್ಟರಲ್ಲಿ ಉತ್ತರೆಯು ಹಿಡಿದುಕೊಂಡಿತು. ತಿರುಗಿ ನೋಡಿದಾಗ, ಮೇಲಿನ ಹೊಲಗಳಿಂದ ಇಳಿದ ಕೆಂಪು ನೀರು ತನ್ನ ಹಳೆಯ ದಾರಿಯನ್ನೇ ಹಿಡಿದು, ಸುಣ್ಣದ ಕಲ್ಲುಗಳಲ್ಲಿ ಎರಡನೆಯ ಮತ್ತು ಮೂರನೆಯ ಸಾಲಿನ ನಡುವೆ ಕೆರೆಯ ಕಡೆಗೆ ಹರಿಯುತ್ತಿದ್ದಿತು.