ಡ್ಯಾಶ್‌ಕ್ಯಾಮ್ ತಗೊಳ್ತೀರಾ? ಬಾಕ್ಸ್ ಮೇಲಿನ ‘4ಕೆ’ ಬಿಡಿ, ರಾತ್ರಿ ನಂಬರ್ ಪ್ಲೇಟ್ ಕಾಣುತ್ತಾ ನೋಡಿ

ಈ ವಾರ ಬೆಳೆ ಬಗ್ಗೆ ಅಲ್ಲ, ಬೆಳೆ ಹೊತ್ಕೊಂಡು ಮಾರ್ಕೆಟ್ಟಿಗೆ ಹೋಗೋ ಗಾಡಿ ಬಗ್ಗೆ.

ಕಳೆದ ಅವರೆಕಾಯಿ ಸೀಸನ್‌ನಲ್ಲಿ ಮಾಗಡಿ ಕಡೆಯಿಂದ ಪಿಕಪ್‌ನಲ್ಲಿ ಲೋಡು ತುಂಬ್ಕೊಂಡು ಯಶವಂತಪುರಕ್ಕೆ ಬರ್ತಿದ್ದೆ. ಬೆಳಗಿನ ಜಾವ ನಾಲ್ಕು ಗಂಟೆ ಇರಬೇಕು. ಸುಂಕದಕಟ್ಟೆ ದಾಟಿ, ಸುಮನಹಳ್ಳಿಯಲ್ಲಿ ರಿಂಗ್ ರೋಡ್ ಹಿಡಿದು, ಲಗ್ಗೆರೆ ಬ್ರಿಡ್ಜ್ ಹತ್ತಿರ ಬರೋ ಹೊತ್ತಿಗೆ ಸರ್ವಿಸ್ ರೋಡಿನಿಂದ ಒಂದು ಬಿಳಿ ಕಾರು ಇಂಡಿಕೇಟರೂ ಹಾಕದೆ ಸೀದಾ ಅಡ್ಡ ಬಂತು. ಬ್ರೇಕ್ ಒತ್ತಿದೆ, ಆದ್ರೂ ನನ್ನ ಬಂಪರ್ ಮೂಲೆ ಅದರ ಹಿಂದಿನ ಡೋರಿಗೆ ತಾಗಿತು. ಇಬ್ಬರು ಇಳಿದರು. “ಹತ್ತು ಸಾವಿರ ಕೊಡು, ಇಲ್ಲ ಗಾಡಿ ಇಲ್ಲೇ ನಿಲ್ಲಲಿ” ಅಂದರು. ಬೆಳಕು ಹರಿದ್ರೆ ಕಾಯಿ ರೇಟು ಇಳಿಯುತ್ತೆ ಅನ್ನೋದು ನನಗೂ ಗೊತ್ತು, ಅವರಿಗೂ ಗೊತ್ತಿತ್ತು. ನಾಲ್ಕು ಸಾವಿರಕ್ಕೆ ಮಾತು ಮುಗಿಯಿತು.

ಒಂದು ಸಮಾಧಾನ ಇತ್ತು. ಗ್ಲಾಸಿನ ಮೇಲೆ 1,700 ರೂಪಾಯಿಗೆ ತಂದ ಡ್ಯಾಶ್‌ಕ್ಯಾಮ್ ಇತ್ತು, ಬಾಕ್ಸ್ ಮೇಲೆ ದಪ್ಪಕ್ಷರದಲ್ಲಿ ‘4ಕೆ ಅಲ್ಟ್ರಾ ಎಚ್‌ಡಿ’ ಅಂತ ಬರೆದಿತ್ತು. ಮನೆಗೆ ಬಂದು ಕಾರ್ಡ್ ತೆಗೆದು ಫೋನಿಗೆ ಹಾಕಿ ನೋಡಿದೆ. ಕಾರು ಅಡ್ಡ ಬಂದಿದ್ದು ಕಾಣ್ತು. ಕಾರಿನ ಬಣ್ಣ ಕಾಣ್ತು. ನಂಬರ್ ಪ್ಲೇಟ್ ಇರಬೇಕಾದ ಜಾಗದಲ್ಲಿ ಮಾತ್ರ ಬಿಳಿ ಬಲ್ಬ್ ಉರಿದ ಹಾಗೆ ಒಂದು ಪಟ್ಟಿ. ಅಷ್ಟೇ. ನಂಬರ್ ಇಲ್ಲದೆ ಯಾರ ಮೇಲೆ ದೂರು ಕೊಡೋದು?

ಇದು ನನ್ನೊಬ್ಬನ ಕಥೆ ಅಲ್ಲ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿದ್ದಾಗ, ಹಿರಿಯೂರು ಕಡೆಯ ರೈತರೊಬ್ಬರು ಕೋಲಾರದ ಮಾರ್ಕೆಟ್ಟಿಗೆ ಟೊಮೆಟೊ ಲೋಡು ತಗೊಂಡು ಬೆಂಗಳೂರು ದಾಟ್ತಿದ್ದರು. “ನಿನ್ನ ಗಾಡಿ ನಮ್ಮ ಕಾರಿಗೆ ತಾಗಿದೆ, ದುಡ್ಡು ಕೊಡು” ಅಂತ ತಡೆದವರು, ಕೊನೆಗೆ ರೈತರನ್ನು ಕೆಳಗೆ ತಳ್ಳಿ ಗಾಡಿ ಸಮೇತ ಸುಮಾರು ಎರಡೂವರೆ ಟನ್ ಟೊಮೆಟೊ ಹೊಡ್ಕೊಂಡು ಹೋದರು. ಯಶವಂತಪುರದ ಆರ್‌ಎಂಸಿ ಯಾರ್ಡ್ ಪೊಲೀಸರು ಆಮೇಲೆ ಈ ಆರೋಪದ ಮೇಲೆ ತಮಿಳುನಾಡಿನ ದಂಪತಿಯನ್ನು ಹಿಡಿದರು. ಅಷ್ಟರಲ್ಲಿ ಮಾಲು ಚೆನ್ನೈನಲ್ಲಿ ಮಾರಾಟವಾಗಿತ್ತು. ಅದೇ ವರ್ಷದ ಜನವರಿ ಕೊನೆಯಲ್ಲಿ ಸರ್ಜಾಪುರ ರಸ್ತೆಯಲ್ಲೂ ಇಂಥದ್ದೇ ನಡೆದಿತ್ತು. ನಡುರಾತ್ರಿ ಮೀರಿ ಮನೆಗೆ ಹೋಗ್ತಿದ್ದ ದಂಪತಿಯ ಕಾರಿಗೆ ಬೈಕಿನಲ್ಲಿ ಬಂದ ಇಬ್ಬರು ಬೇಕಂತಲೇ ಗುದ್ದಿ, ಕಿಲೋಮೀಟರ್‌ಗಟ್ಟಲೆ ಬೆನ್ನಟ್ಟಿದರು. ಅವರು ಕಾರಿನ ಬಾಗಿಲು ತೆಗೆಯಲಿಲ್ಲ. ಡ್ಯಾಶ್‌ಕ್ಯಾಮ್ ವಿಡಿಯೋ ಹೊರಬಂತು, ಇಬ್ಬರೂ ಅರೆಸ್ಟ್ ಆದರು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಕ್ಯಾಮೆರಾ ದರೋಡೆ ತಡೆಯಲ್ಲ. ಗಾಡಿನೇ ಹೋದ್ರೆ ಕ್ಯಾಮೆರಾನೂ ಅದರ ಜೊತೆ ಹೋಗುತ್ತೆ. ರಾತ್ರಿ ಯಾರಾದ್ರೂ ಅಡ್ಡ ಹಾಕಿದ್ರೆ ಡೋರ್ ಲಾಕ್ ಮಾಡಿ, 112ಕ್ಕೆ ಫೋನ್ ಮಾಡಿ, ಬೆಳಕು-ಜನ ಇರೋ ಕಡೆ ಹೋಗಿ ನಿಲ್ಲಿಸಿ. ಕ್ಯಾಮೆರಾ ಕೆಲಸಕ್ಕೆ ಬರೋದು “ನೀನೇ ಗುದ್ದಿದ್ದು” ಅನ್ನೋ ಮಾತಿಗೆ ಉತ್ತರವಾಗಿ. ಅದಕ್ಕೆ ನಂಬರ್ ಓದೋಕೆ ಬರಬೇಕು.

ನಂಬರ್ ಯಾಕೆ ಕಾಣಲ್ಲ?

1080ಪಿ ಅಂದ್ರೆ ಚಿತ್ರದಲ್ಲಿ ಅಡ್ಡಕ್ಕೆ 1920 ಚುಕ್ಕಿ. ಲೆನ್ಸ್ ಅಡ್ಡಕ್ಕೆ ಸುಮಾರು 110 ಡಿಗ್ರಿ ಅಗಲ ನೋಡುತ್ತೆ ಅಂತಿಟ್ಕೊಳ್ಳಿ. ಒಂದು ಡಿಗ್ರಿಗೆ ಹದಿನೇಳು ಚಿಲ್ಲರೆ ಚುಕ್ಕಿ ಬಂತು. ಕಾರಿನ ಉದ್ದನೆಯ ಎಚ್‌ಎಸ್‌ಆರ್‌ಪಿ ಪ್ಲೇಟ್ ಅರ್ಧ ಮೀಟರ್. ಐದು ಮೀಟರ್ ದೂರದಲ್ಲಿ ಅದಕ್ಕೆ ಸುಮಾರು 100 ಚುಕ್ಕಿ ಸಿಗುತ್ತೆ, ಹತ್ತು ಅಕ್ಷರ ಆರಾಮಾಗಿ ಓದಬಹುದು. ಹತ್ತು ಮೀಟರ್‌ಗೆ ಹೋದ್ರೆ 50 ಚುಕ್ಕಿ, ಅಂದ್ರೆ ಅಕ್ಷರಕ್ಕೆ ನಾಲ್ಕೈದು. 8 ಯಾವುದು, ಬಿ ಯಾವುದು ಗೊತ್ತಾಗಲ್ಲ. ಬೈಕಿನ ಹಿಂದಿನ ಪ್ಲೇಟ್ ಬರೀ 20 ಸೆಂಟಿಮೀಟರ್, ಹತ್ತು ಮೀಟರ್‌ನಲ್ಲಿ ಅದಕ್ಕೆ ಸಿಗೋದು 20 ಚುಕ್ಕಿ. ಹಾಗಾಗಿ ‘170 ಡಿಗ್ರಿ ವೈಡ್ ಆಂಗಲ್’ ಅಂತ ಅಂಗಡಿಯವರು ಹೊಗಳಿದ್ರೆ ಹಿಗ್ಗಬೇಡಿ. ಅದೇ ಚುಕ್ಕಿಗಳನ್ನು ಇನ್ನೂ ಅಗಲಕ್ಕೆ ಹರಡಿದ್ರೆ ಪ್ಲೇಟ್ ಇನ್ನೂ ಚಿಕ್ಕದಾಗುತ್ತೆ. 130–140 ಡಿಗ್ರಿ ಅಂತ ಬರೆದಿದ್ದರೆ ಸಾಕು.

ಇದು ಹಗಲಿನ ಲೆಕ್ಕ. ರಾತ್ರಿ ಎರಡು ತೊಂದರೆ ಸೇರ್ಕೊಳ್ಳುತ್ತೆ. ಎಚ್‌ಎಸ್‌ಆರ್‌ಪಿ ಪ್ಲೇಟಿಗೆ ಬೆಳಕನ್ನು ವಾಪಸ್ ಎಸೆಯೋ ಹಾಳೆ ಅಂಟಿಸಿರ್ತಾರೆ. ನಮ್ಮ ಹೆಡ್‌ಲೈಟ್ ಬಿದ್ದ ತಕ್ಷಣ ಅದು ಫಳಫಳ ಹೊಳೆಯುತ್ತೆ, ಸುತ್ತ ಕತ್ತಲು. ಅಗ್ಗದ ಸೆನ್ಸರ್ ಕತ್ತಲಿಗೆ ಹೊಂದಿಕೊಳ್ಳೋಕೆ ಹೋಗಿ ಪ್ಲೇಟನ್ನು ಬೆಳ್ಳಗೆ ಸುಟ್ಟುಬಿಡುತ್ತೆ. ನನಗೆ ಆಗಿದ್ದು ಇದೇ. ಎರಡನೆಯದು, ಬೆಳಕು ಸಾಲದೆ ಕ್ಯಾಮೆರಾ ಪ್ರತಿ ಫೋಟೋಗೂ ಜಾಸ್ತಿ ಹೊತ್ತು ಕಣ್ಣು ತೆರೆದಿರುತ್ತೆ, ಸೆಕೆಂಡಿನ ಮೂವತ್ತನೇ ಒಂದು ಭಾಗದವರೆಗೂ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅಡ್ಡ ಹಾಯೋ ಗಾಡಿ ಅಷ್ಟರಲ್ಲಿ 37 ಸೆಂಟಿಮೀಟರ್ ಸರಿದಿರುತ್ತೆ. ಅಕ್ಷರ ಕಲಸಿ ಹೋಗದೆ ಇನ್ನೇನಾಗುತ್ತೆ?

ಆದ್ದರಿಂದ ಮೊದಲು ಕೇಳಬೇಕಾದ್ದು ಸೆನ್ಸರ್ ಯಾವುದು ಅಂತ. ಸೋನಿ ಕಂಪನಿಯ ‘ಸ್ಟಾರ್‌ವಿಸ್’ ಸಾಲಿನವು ಕಡಿಮೆ ಬೆಳಕಿಗೇ ಅಂತ ಮಾಡಿರೋವು. ಐಎಂಎಕ್ಸ್307 ಅಂದ್ರೆ 2 ಮೆಗಾಪಿಕ್ಸೆಲ್, ಐಎಂಎಕ್ಸ್335 ಅಂದ್ರೆ 5, ಐಎಂಎಕ್ಸ್415 ಅಂದ್ರೆ 8. ಈಗ ಬಾಕ್ಸಿನ ಸುಳ್ಳು ಹಿಡಿಯೋದು ಸುಲಭ. 4ಕೆ ಚಿತ್ರಕ್ಕೆ 8 ಮೆಗಾಪಿಕ್ಸೆಲ್‌ಗಿಂತ ಜಾಸ್ತಿ ಬೇಕು, 1440ಪಿಗೆ 3.7, 1080ಪಿಗೆ 2. ಸೆನ್ಸರ್ 2 ಮೆಗಾಪಿಕ್ಸೆಲ್, ಮೇಲೆ ‘4ಕೆ’ ಅಂತಿದ್ರೆ ಸಾರಿಗೆ ನೀರು ಬೆರೆಸಿದ ಹಾಗೆ, ಪಾತ್ರೆ ತುಂಬುತ್ತೆ, ರುಚಿ ಇರಲ್ಲ. ಸೆನ್ಸರ್ ಹೆಸರನ್ನೇ ಬರೆಯದ ಬಾಕ್ಸನ್ನು ನಾನಂತೂ ವಾಪಸ್ ಇಟ್ಟುಬಿಡ್ತೀನಿ. ಜೊತೆಗೆ ‘ಎಚ್‌ಡಿಆರ್’ ಅಥವಾ ‘ಡಬ್ಲ್ಯೂಡಿಆರ್’ ಇರಲಿ, ಹೊಳೆಯೋ ಪ್ಲೇಟನ್ನು ಸ್ವಲ್ಪ ಹದಕ್ಕೆ ತರುತ್ತೆ. ಲೆನ್ಸಿನ ಎಫ್ ಸಂಖ್ಯೆ 1.8ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಇರಲಿ.

ಕೈಗೆ ಬಂದ ಮೇಲೆ ಇನ್ನೊಂದು ಪರೀಕ್ಷೆ. ಒಂದು ನಿಮಿಷದ ವಿಡಿಯೋ ಫೈಲ್ ಎಷ್ಟು ಎಂಬಿ ಇದೆ ಅಂತ ಫೋನಿನಲ್ಲೇ ನೋಡಿ. 1080ಪಿಗೆ 90–110 ಎಂಬಿ ಇದ್ರೆ ಒಳ್ಳೇದು. 30–40 ಇದ್ರೆ ಚಿತ್ರವನ್ನು ಹಿಂಡಿ ಹಿಂಡಿ ತುಂಬಿದ್ದಾರೆ ಅಂತ ಅರ್ಥ. ಎಚ್.265 ಅಂತ ಇದ್ದರೆ ಮಾತ್ರ ಸ್ವಲ್ಪ ಕಡಿಮೆ ಇದ್ದರೂ ಪರವಾಗಿಲ್ಲ.

ಎಷ್ಟು ದುಡ್ಡು ಹಾಕೋದು?

ಮೂರರಿಂದ ಐದು ಸಾವಿರದೊಳಗೆ ಹೆಸರಿರೋ ಕಂಪನಿಯ ನಿಜವಾದ 1080ಪಿ ಸಿಗುತ್ತೆ. ಆರರಿಂದ ಒಂಬತ್ತು ಸಾವಿರ ಹಾಕಿದ್ರೆ 1440ಪಿ ಅಥವಾ 2.7ಕೆ. ಐದು ಮೀಟರ್‌ನಲ್ಲಿ ಓದ್ತಿದ್ದ ನಂಬರನ್ನು ಆರೂವರೆ ಮೀಟರ್‌ನಲ್ಲಿ ಓದಬಹುದು, ಹೆಚ್ಚಿಗೆ ಸಿಗೋದು ಅಷ್ಟೇ. ಕ್ಯೂಬೋ, 70ಮೈ, ಡಿಡಿಪಿಎಐ ಇವೆಲ್ಲ ನಮ್ಮಲ್ಲಿ ಸಿಗ್ತವೆ. ಮಾಡೆಲ್‌ಗಳು ವರ್ಷ ವರ್ಷ ಬದಲಾಗೋದ್ರಿಂದ ಇದನ್ನೇ ತಗೊಳ್ಳಿ ಅಂತ ನಾನು ಹೇಳಲ್ಲ. ಎಸ್‌ಪಿ ರೋಡಿಗೋ ಜೆಸಿ ರೋಡಿಗೋ ಹೋದ್ರೆ ಕೈಯಲ್ಲಿ ಹಿಡಿದು ನೋಡಬಹುದು. ಬಿಲ್ ಇಲ್ಲದೆ ಕೊಡೋದನ್ನು ಮುಟ್ಟಬೇಡಿ.

ಉಳಿಸೋಕೆ ಒಂದು ಜಾಗ ಇದೆ, ಹಿಂದಿನ ಕ್ಯಾಮೆರಾ. ಕಾರಿನವರಿಗೆ ಅದು ಬೇಕು. ನಮ್ಮ ಪಿಕಪ್, ಟಾಟಾ ಏಸ್‌ನಲ್ಲಿ ಹಿಂದಿನ ಗ್ಲಾಸಿನಲ್ಲಿ ಕಾಣೋದು ಕ್ರೇಟು, ಟಾರ್ಪಾಲು. ಅದಕ್ಕೆ ಕೊಡೋ ಎರಡು ಸಾವಿರವನ್ನು ಮುಂದಿನ ಕ್ಯಾಮೆರಾಗೇ ಹಾಕಿ.

ಉಳಿಸಬಾರದ ಜಾಗ ಮೆಮೊರಿ ಕಾರ್ಡ್. ಒಳ್ಳೇ 1080ಪಿ ಗಂಟೆಗೆ ಆರೇಳು ಜಿಬಿ ಬರೆಯುತ್ತೆ, ತುಂಬಿದ ಮೇಲೆ ಹಳೇದನ್ನು ಅಳಿಸಿ ಮತ್ತೆ ಬರೆಯುತ್ತೆ. ಫೋನಿಗೆ ಹಾಕೋ ಸಾಮಾನ್ಯ ಕಾರ್ಡ್ ಈ ದುಡಿತಕ್ಕೆ ಬೇಗ ಸಾಯುತ್ತೆ. ಸತ್ತಿದ್ದು ನಿಮಗೆ ಗೊತ್ತಾಗೋದು ವಿಡಿಯೋ ಬೇಕಾದ ದಿನ. ‘ಹೈ ಎಂಡ್ಯೂರೆನ್ಸ್’ ಅಂತ ಬರೆದಿರೋ 64 ಅಥವಾ 128 ಜಿಬಿ ಕಾರ್ಡನ್ನೇ ತಗೊಳ್ಳಿ. ನಕಲಿ ಕಾರ್ಡ್ ಬೇಕಾದಷ್ಟಿವೆ. ಕಂಪ್ಯೂಟರ್ ಇರೋ ಗೆಳೆಯನ ಹತ್ರ ‘ಎಚ್2ಟೆಸ್ಟ್‌ಡಬ್ಲ್ಯೂ’ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಸಿ ಪರೀಕ್ಷೆ ಮಾಡಿಸಿದ್ರೆ, 64 ಅಂತ ಹೇಳಿ 8 ಕೊಟ್ಟಿದ್ದಾರಾ ಗೊತ್ತಾಗುತ್ತೆ.

ಇನ್ನು ಬಿಸಿಲು. ಯಾರ್ಡಿನಲ್ಲಿ ಅರ್ಧ ದಿನ ಗಾಡಿ ನಿಂತ್ರೆ ಗ್ಲಾಸ್ ಹಿಂದಿನ ಕಾವು ಎಷ್ಟಿರುತ್ತೆ ಅಂತ ಸ್ಟೇರಿಂಗ್ ಮುಟ್ಟಿದವರಿಗೆ ಗೊತ್ತು. ಒಳಗೆ ಲಿಥಿಯಂ ಬ್ಯಾಟರಿ ಇರೋ ಕ್ಯಾಮೆರಾ ಆ ಕಾವಿಗೆ ಉಬ್ಬುತ್ತೆ. ‘ಸೂಪರ್ ಕೆಪಾಸಿಟರ್’ ಇರೋದನ್ನು ಆರಿಸಿ.

ಗಾಡಿಗೆ ಹಾಕೋವಾಗ

ಯೂಟ್ಯೂಬಿನ ರಿವ್ಯೂಗಳೆಲ್ಲ ಕಾರಿನವರ ರಿವ್ಯೂಗಳು. ತೋಟದ ದಾರೀಲಿ ಓಡೋ ಗಾಡಿಗೆ ಬೇರೆಯದೇ ತಲೆನೋವು. ಕ್ಯಾಮೆರಾ ಒಳಗೆ ಜಿ-ಸೆನ್ಸರ್ ಇರುತ್ತೆ. ಜೋರಾಗಿ ಕುಲುಕಿದ್ರೆ ‘ಆಕ್ಸಿಡೆಂಟ್ ಆಯ್ತು’ ಅಂದ್ಕೊಂಡು ಆ ಫೈಲನ್ನು ಅಳಿಸದ ಹಾಗೆ ಲಾಕ್ ಮಾಡುತ್ತೆ. ನಮ್ಮೂರ ಗುಂಡಿ ರಸ್ತೇಲಿ ಅದಕ್ಕೆ ಎರಡು ನಿಮಿಷಕ್ಕೊಂದು ಆಕ್ಸಿಡೆಂಟ್! ಲಾಕ್ ಆದ ಫೈಲುಗಳೇ ಕಾರ್ಡಿನ ಜಾಗ ತಿಂದು, ಕೆಲವು ಕ್ಯಾಮೆರಾಗಳು ರೆಕಾರ್ಡಿಂಗನ್ನೇ ನಿಲ್ಲಿಸಿಬಿಡ್ತವೆ. ಸೆಟ್ಟಿಂಗ್‌ನಲ್ಲಿ ಜಿ-ಸೆನ್ಸರ್ ‘ಲೋ’ ಇಡಿ, ತಿಂಗಳಿಗೊಮ್ಮೆ ಕಾರ್ಡ್ ಫಾರ್ಮ್ಯಾಟ್ ಮಾಡಿ.

ರಬ್ಬರ್ ಕಪ್ಪಿನ ಸ್ಟ್ಯಾಂಡ್ ಕುಲುಕಾಟಕ್ಕೆ ಬಿದ್ದುಹೋಗುತ್ತೆ, ಅಂಟು ಟೇಪಿನದ್ದೇ ಸರಿ. ಕನ್ನಡಿ ಹಿಂದೆ, ವೈಪರ್ ಒರೆಸೋ ಜಾಗದಲ್ಲೇ ಅಂಟಿಸಿ. ಗ್ಲಾಸಿನ ಮೇಲಿನ ದೊಡ್ಡ ಸ್ಟಿಕ್ಕರ್, ತೂಗೋ ಹೂವಿನ ಹಾರ, ನಿಂಬೆಹಣ್ಣು-ಮೆಣಸಿನಕಾಯಿ ಲೆನ್ಸಿಗೆ ಅಡ್ಡ ಬರದಿರಲಿ. ದೇವರನ್ನು ತೆಗೀರಿ ಅಂತ ಹೇಳ್ತಿಲ್ಲ, ಒಂದು ಗೇಣು ಪಕ್ಕಕ್ಕೆ ಸರಿಸಿ ಅಷ್ಟೇ. ಗ್ಲಾಸಿನ ಒಳಬದಿ ಧೂಳು ಒರೆಸೋದನ್ನು ಎಲ್ಲರೂ ಮರೀತಾರೆ. ಎದುರಿನ ಲೈಟ್ ಬಿದ್ದಾಗ ಆ ಧೂಳೇ ಪರದೆಯಾಗಿ ನಿಲ್ಲುತ್ತೆ.

ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಚಾರ್ಜಿಂಗ್ ಸಾಕೆಟ್‌ಗೆ ಕರೆಂಟ್ ಬರ್ತಾನೇ ಇರುತ್ತೆ. ರಾತ್ರಿಯಿಡೀ ಕ್ಯಾಮೆರಾ ಓಡಿದ್ರೆ ಬೆಳಿಗ್ಗೆ ಸೆಲ್ಫ್ ಹೊಡೆಯಲ್ಲ. ಮೊದಲೇ ನೋಡ್ಕೊಳ್ಳಿ.

ದುಡ್ಡೇ ಇಲ್ವಾ? ಹಳೇ ಆಂಡ್ರಾಯ್ಡ್ ಫೋನಿಗೆ ಡ್ಯಾಶ್‌ಕ್ಯಾಮ್ ಆ್ಯಪ್ ಹಾಕಿ ಸ್ಟ್ಯಾಂಡಿಗೆ ಸಿಕ್ಕಿಸಿ ಒಂದು ತಿಂಗಳು ಓಡಿಸಿ. ಮಧ್ಯಾಹ್ನ ಕಾದು ಆಫ್ ಆಗುತ್ತೆ, ಬೆಳಗಿನ ಜಾವದ ಟ್ರಿಪ್ಪಿಗೆ ನಡೆಯುತ್ತೆ.

ಏನಾದ್ರೂ ಆದ ದಿನ

ಮೊದಲು ಕಾರ್ಡ್ ತೆಗೆದು ಜೇಬಿಗೆ ಹಾಕ್ಕೊಳ್ಳಿ. 64 ಜಿಬಿ ಕಾರ್ಡಿನಲ್ಲಿ ಸುಮಾರು ಒಂಬತ್ತು ಗಂಟೆ ಓಡಿದ ಮೇಲೆ ಹಳೇದು ಅಳಿಸಿ ಹೋಗುತ್ತೆ. ವಾಟ್ಸಾಪ್‌ನಲ್ಲಿ ಕಳಿಸಿದ ವಿಡಿಯೋ ಹಿಂಡಿಹೋಗಿ ಇರೋ ನಂಬರೂ ಮಸುಕಾಗುತ್ತೆ, ಆದ್ದರಿಂದ ಮೂಲ ಕಾರ್ಡನ್ನು ಒಂದು ಕವರಿನಲ್ಲಿ ಹಾಕಿಟ್ಟು, ಗಾಡಿಗೆ ಬೇರೆ ಕಾರ್ಡ್ ಹಾಕಿ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಇಂಥ ವಿಡಿಯೋವನ್ನು ಕೋರ್ಟಿಗೆ ಕೊಡೋವಾಗ ಜೊತೆಗೊಂದು ಸರ್ಟಿಫಿಕೇಟ್ ಬೇಕು. ಅದರಲ್ಲಿ ಫೈಲಿನ ‘ಹ್ಯಾಶ್’ ಸಂಖ್ಯೆ ಇರುತ್ತೆ. ಫೈಲನ್ನು ಕತ್ತರಿಸಿದ್ರೆ, ಹಾಡು ಸೇರಿಸಿದ್ರೆ ಆ ಸಂಖ್ಯೆ ಬದಲಾಗುತ್ತೆ. ಕಾಗದದ ಕೆಲಸ ವಕೀಲರು ನೋಡ್ಕೊಳ್ತಾರೆ, ನೀವು ಫೈಲ್ ಮುಟ್ಟದಿದ್ರೆ ಸಾಕು. ಕ್ಯಾಮೆರಾದ ತಾರೀಖು-ಟೈಮ್ ಸರಿ ಇದೆಯಾ ಅಂತ ಈಗಲೇ ನೋಡಿ. ಜಿಪಿಎಸ್ ಇರೋದಾದ್ರೆ ತಾನೇ ಸರಿಮಾಡ್ಕೊಳ್ಳುತ್ತೆ. ಬೆಂಗಳೂರಿನೊಳಗೆ ಬೇರೆಯವರ ರೂಲ್ಸ್ ಉಲ್ಲಂಘನೆಯನ್ನು ಟ್ರಾಫಿಕ್ ಪೊಲೀಸರ ಅಸ್ತ್ರಂ ಆ್ಯಪ್‌ನಲ್ಲೂ ಕಳಿಸಬಹುದು.

ತಗೊಂಡ ದಿನ ರಾತ್ರಿಯೇ ಒಂದು ಪರೀಕ್ಷೆ ಮಾಡಿ. ಗೆಳೆಯನ ಬೈಕನ್ನು ಐದು ಮೀಟರ್ ದೂರ ನಿಲ್ಲಿಸಿ, ಹೆಡ್‌ಲೈಟ್ ಹಾಕಿ ರೆಕಾರ್ಡ್ ಮಾಡಿ. ಆಮೇಲೆ ನಿಧಾನಕ್ಕೆ ಅದರ ಪಕ್ಕದಲ್ಲೇ ಗಾಡಿ ಓಡಿಸಿ. ಎರಡರಲ್ಲೂ ನಂಬರ್ ಓದೋಕೆ ಬಾರದಿದ್ರೆ ರಿಟರ್ನ್ ಟೈಮ್ ಮುಗಿಯೋದ್ರೊಳಗೆ ವಾಪಸ್ ಕಳಿಸಿ.

ಎಷ್ಟೇ ದುಡ್ಡು ಕೊಟ್ಟರೂ ಮಳೆ ರಾತ್ರಿ ಕೆಲವು ನಂಬರ್ ಸಿಗೋದೇ ಇಲ್ಲ. ಅದಕ್ಕೊಂದು ಖರ್ಚಿಲ್ಲದ ಉಪಾಯ ಇದೆ. ಕ್ಯಾಮೆರಾದ ಮೈಕ್ ಆನ್ ಇಟ್ಟು, ಕಣ್ಣಿಗೆ ಕಂಡ ನಂಬರನ್ನು ಜೋರಾಗಿ ಹೇಳಿಬಿಡಿ. ಚಿತ್ರ ಕಲಸಿದ್ರೂ ಧ್ವನಿ ಉಳಿಯುತ್ತೆ. ಇದನ್ನು ಅಪ್ಪನಿಗೆ ಹೇಳಿದ್ದೇ ತಪ್ಪಾಯ್ತು. ಈಗ ಸುಮನಹಳ್ಳಿಯಿಂದ ಗೊರಗುಂಟೆಪಾಳ್ಯದವರೆಗೆ ನಮ್ಮನ್ನು ಓವರ್‌ಟೇಕ್ ಮಾಡಿದ ಒಂದೊಂದು ಗಾಡಿಯ ನಂಬರೂ ಅವರ ಗಂಟಲಲ್ಲಿ ರೆಕಾರ್ಡ್ ಆಗಿದೆ. ಲಗ್ಗೆರೆ ಬ್ರಿಡ್ಜ್ ಹತ್ತಿರ ಬಿಳಿ ಕಾರು ಕಂಡ್ರೆ ಎರಡೆರಡು ಸಲ ಹೇಳ್ತಾರೆ.