ಹಾಳೆ ಬಿದ್ದ ಸದ್ದು

ತೋಟದಲ್ಲಿ ದೊಪ್ಪೆಂದು ಅಡಿಕೆ ಹಾಳೆ ಬಿದ್ದರೆ ದೊಡ್ಡವರು ತಲೆ ಎತ್ತಿಯೂ ನೋಡುವುದಿಲ್ಲ. ಮಕ್ಕಳು ಮಾತ್ರ ಎದ್ದುಬಿದ್ದು ಓಡುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಯುವ ಊರುಗಳಲ್ಲಿ ಇದು ಬಹಳ ಹಳೆಯ ಓಟ.

ನಮ್ಮ ಮಕ್ಕಳು ಹಿಮ ಕಂಡದ್ದು ಚಿತ್ರದ ಪುಸ್ತಕದಲ್ಲಿ, ಟೀವಿಯಲ್ಲಿ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಮರದ ಜಾರುಬಂಡಿಯ ಮೇಲೆ ಕೂರಿಸಿ ಹಗ್ಗ ಹಿಡಿದು ಎಳೆಯುತ್ತಾರಲ್ಲ, ಅದನ್ನು ನಮ್ಮ ಮಗುವಿಗೆ ತೋರಿಸಿದರೆ ಬಿಡಿಸಿ ಹೇಳಬೇಕಾದ್ದು ಏನೂ ಇಲ್ಲ. ಹಾಳೆಯ ಮೇಲೆ ಕೂತು ಎಳೆಸಿಕೊಂಡ ಮಗುವಿಗೆ ಆ ಆಟ ಗೊತ್ತು.

ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಚಳಿಗಾಲದ ಬೆಳಗ್ಗೆ ಇಬ್ಬನಿಗೆ ಹುಲ್ಲೆಲ್ಲ ಬೆಳ್ಳಗಾದರೂ ಹಿಮ ಬೀಳುವಷ್ಟು ಚಳಿ ಇಲ್ಲಿಲ್ಲ. ನಮ್ಮ ಕಡೆ ಸೊನ್ನೆ ಡಿಗ್ರಿ ಬೇಕೆಂದರೆ ನೆತ್ತಿಯ ಮೇಲೆ ಸುಮಾರು 5 ಕಿಲೋಮೀಟರ್ ಏರಬೇಕು. ಬೇಸಿಗೆಯ ಗುಡುಗುಮಳೆಯಲ್ಲಿ ಒಮ್ಮೊಮ್ಮೆ ಅಷ್ಟೆತ್ತರದ ಮೋಡದಿಂದ ಆಲಿಕಲ್ಲು ಉದುರುತ್ತದೆ. ಅಂಗಳಕ್ಕೆ ಹಾರಿ, ಹೆಕ್ಕಿ, ಬಾಯಿಗೆ ಹಾಕಿಕೊಳ್ಳುವುದರೊಳಗೆ ಅರ್ಧ ಕರಗಿರುತ್ತದೆ. ಜಾರುವ ಸುಖಕ್ಕೆ ನಮಗೆ ಅಡಿಕೆ ಮರವೇ ಬೇಕು.

ಒಂದು ಅಡಿಕೆ ಮರ ವರ್ಷಕ್ಕೆ ಆರೇಳು ಎಲೆ ಬಿಡುತ್ತದೆ, ಹೆಚ್ಚುಕಡಿಮೆ ಅಷ್ಟನ್ನೇ ಉದುರಿಸುತ್ತದೆ. ಎಲೆಯ ಬುಡ ಅಗಲವಾಗಿ ಮರವನ್ನು ಸುತ್ತಿಕೊಂಡಿರುತ್ತದೆ, ಅದೇ ಹಾಳೆ. ತುದಿಯದು ಸೋಗೆ. ಹಣ್ಣಾಗಿ ಕಳಚಿದಾಗ ಎರಡೂ ಕೂಡಿಯೇ ಬೀಳುವುದರಿಂದ ಕೂರಲು ಹಾಳೆ, ಎಳೆಯಲು ಸೋಗೆ ಒಟ್ಟಿಗೇ ಸಿಕ್ಕಂತಾಯಿತು. ಮರ ಇಷ್ಟು ಸಿದ್ಧ ಮಾಡಿ ಕೊಡುವ ಆಟಿಕೆ ಇನ್ನೊಂದನ್ನು ನಾನು ಕಂಡಿಲ್ಲ.

ನಾಲ್ಕು ವರ್ಷದ ಮಗು ಹಾಳೆ ಹತ್ತುವುದನ್ನು ಹತ್ತಿರದಿಂದ ನೋಡಬೇಕು. ಮೊದಲು ಕಾಲು ಚಾಚಿ ಕೂರುತ್ತದೆ. ಅಣ್ಣ ಸೋಗೆ ಹಿಡಿದು ಜಗ್ಗಿದ ಕೂಡಲೇ ಹಿಂದಕ್ಕೆ ಮಗುಚಿ ಬೀಳುತ್ತದೆ. ಎರಡನೇ ಸಲ ಮುಂದಕ್ಕೆ ಬಾಗಿ, ಕಾಲು ಮಡಚಿ, ಎರಡೂ ಕೈಯಲ್ಲಿ ಹಾಳೆಯ ಅಂಚು ಹಿಡಿದುಕೊಳ್ಳುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ. ಮೂರನೇ ಸುತ್ತಿಗೆ ತಿರುವಿನಲ್ಲಿ ತಾನಾಗಿ ಒಳಮಗ್ಗುಲಿಗೆ ವಾಲುತ್ತದೆ. “ಅಣ್ಣಾ, ಇನ್ನೊಂದೇ ಸಲ” ಎಂಬ ಮಾತಿಗೆ ಕೊನೆಯೇ ಇಲ್ಲ. ಎಳೆದು ಸುಸ್ತಾದ ಅಣ್ಣ ಕೂತು, ತಂಗಿ ಎಳೆಯಲು ನಿಂತಾಗ ಹಾಳೆ ಅಲುಗುವುದಿಲ್ಲ. ಭಾರ ಎಂದರೇನೆಂದು ಅವಳ ತೋಳಿಗೆ ತಿಳಿಯುವುದು ಆಗಲೇ.

ದೊಡ್ಡ ಮಕ್ಕಳಿಗೆ ಅಂಗಳ ಸಾಲದು, ಸೊಪ್ಪಿನ ಬೆಟ್ಟಕ್ಕೆ ಹೋಗುತ್ತಾರೆ. ಘಟ್ಟದ ಮೇಲಿನ ಈ ಸೀಮೆಯಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟದ್ದು ಸೊಪ್ಪು, ದರಕು (ಉದುರಿದ ಒಣ ಎಲೆ) ತರಲೆಂದು. ಬೇಸಿಗೆಯಲ್ಲಿ ಆ ಇಳಿಜಾರಿನ ಒಣಹುಲ್ಲಿನ ಮೇಲೆ ಹಾಳೆಯಲ್ಲಿ ಕೂತರೆ ಎಳೆಯುವವರೇ ಬೇಡ. ಕೆಳಗೆ ಗುಡಿಸಿಟ್ಟ ದರಕಿನ ರಾಶಿ ಇದ್ದರೆ ನೇರ ಅದರೊಳಗೇ ಹೋಗಿ ಬೀಳುವುದು. ಗುಡಿಸಿದವರು ಬೈಯುತ್ತಾರೆ, ಅದೂ ಸರಿಯೇ.

ಮಳೆಗಾಲದ ಜಾರಿಕೆ ಬೇರೆ. ಹಿಮ ನುಣುಪಾಗಿರುವುದಕ್ಕೆ ಅದರ ಮೇಲ್ಮೈಯ ನೀರಿನಂಥ ಅತಿ ತೆಳುವಾದ ಪದರ ಕಾರಣ. ಆಷಾಢದಲ್ಲಿ ಹಾವಸೆ ಕಟ್ಟಿದ ಅಂಗಳಕ್ಕೂ ಹಾಳೆಗೂ ನಡುವೆ ನಿಂತ ಮಳೆನೀರು ಅದೇ ಕೆಲಸ ಮಾಡುತ್ತದೆ. ಆಗ ಹಾಳೆ ಹಿಡಿತಕ್ಕೆ ಸಿಗುವುದಿಲ್ಲ. ಪುಟ್ಟ ಮಕ್ಕಳನ್ನು ಮೆಟ್ಟಿಲು, ಬಾವಿಕಟ್ಟೆ, ಧರೆಯ ಅಂಚಿನಿಂದ ದೂರವಿಟ್ಟು ಸಮತಟ್ಟಾದಲ್ಲಿ ಎಳೆಯಬೇಕು. ಆಟ ಮುಗಿದ ಮೇಲೆ ಕಾಲ್ಬೆರಳ ಸಂದಿಯಲ್ಲಿ ಉಂಬಳ ಇದೆಯೇ ಎಂದು ನೋಡಲೇಬೇಕು.

ಈಗ ಹಾಳೆಗೆ ಬೆಲೆ ಬಂದಿದೆ, ತಟ್ಟೆ ಮಾಡುವವರು ಕೊಂಡೊಯ್ಯುತ್ತಾರೆ. ಮನೆಗೆ ನಾಲ್ಕು ಕಾಸು ಬರುವುದು ಒಳ್ಳೆಯದೇ. ಅಂಗಳಕ್ಕೆ ಸಿಮೆಂಟು ಬಿದ್ದ ಮೇಲೆ ಹಾಳೆ ಎರಡು ಸುತ್ತಿಗೇ ಸವೆದು ಹರಿಯುತ್ತದೆ, ಸಗಣಿ ಸಾರಿಸಿದ ನೆಲದಲ್ಲಿ ಹಾಗಾಗುತ್ತಿರಲಿಲ್ಲ. ಆದರೂ ಮಾರುವ ಕಟ್ಟಿನಿಂದ ವಾರಕ್ಕೊಂದು ಅಗಲದ ಹಾಳೆಯನ್ನು ಸೋಗೆ ಕಡಿಯದೆ ಮಕ್ಕಳಿಗೆಂದು ತೆಗೆದಿಡಿ. ಅಂದೇ ಬಿದ್ದದ್ದು ಮೆತ್ತಗಿರುತ್ತದೆ. ಒಣಗಿ ಸುರುಳಿ ಸುತ್ತಿದ್ದರೆ ಬೆಳಗ್ಗೆ ನೀರಲ್ಲಿ ಮುಳುಗಿಸಿ ಮೇಲೊಂದು ಕಲ್ಲು ಹೇರಿ. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಬಿಚ್ಚಿಕೊಂಡಿರುತ್ತದೆ.